ಕುಲುಮೆಯ ಇಟ್ಟಿಗೆಯಿಂದ ಕಾರಿನ ಬ್ಯಾಟರಿಗೆ



ಕಾರಿನ ಕಾರ್ಖಾನೆ ಎಂದೊಡನೆ ನಿಮಗೆ ನೆನಪಾಗುವುದು ಎಂಜಿನ್, ಚಕ್ರ, ಬೆಸುಗೆಯ ಕಿಡಿ. ರಸಾಯನ ವಿಜ್ಞಾನಿಗೆ ಅಲ್ಲೇನು ಕೆಲಸ? 1960ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿಯ ಪ್ರಯೋಗಾಲಯದಲ್ಲಿ ಜೋಸೆಫ್ ಕುಮ್ಮರ್ ಮತ್ತು ನೀಲ್ ವೆಬರ್ ಮಾಡಿದ ಕೆಲಸವನ್ನೇ ನೋಡೋಣ.

ಅವರು ಆರಿಸಿಕೊಂಡ ವಸ್ತು ಬೀಟಾ ಅಲ್ಯೂಮಿನ. ಗಾಜಿನ ಕುಲುಮೆಗಳ ಒಳಮೈ ಇಟ್ಟಿಗೆಗಳಲ್ಲಿ ಬಳಕೆಯಲ್ಲಿದ್ದ ವಸ್ತು ಅದು. ಮೊದಲು ಅದನ್ನು ಶುದ್ಧ ಅಲ್ಯೂಮಿನದ ಒಂದು ರೂಪವೆಂದು ತಿಳಿದು ಹೆಸರಿಟ್ಟರು; ಅದರಲ್ಲಿ ಸೋಡಿಯಂ ಇದೆಯೆಂದು ಗೊತ್ತಾದ ಮೇಲೂ ಹೆಸರು ಹಾಗೆಯೇ ಉಳಿಯಿತು. ಈ ಹರಳಿನ ದಪ್ಪ ಪದರಗಳ ನಡುವೆ ಸಡಿಲವಾದ ಸಂದಿಗಳಿವೆ. ಅಲ್ಲಿ ಸೋಡಿಯಂ ಅಯಾನುಗಳು ಓಡಾಡಬಲ್ಲವು, ಎಲೆಕ್ಟ್ರಾನುಗಳಿಗೆ ದಾರಿಯಿಲ್ಲ. ಅವು ಹೊರಗಿನ ತಂತಿಯಲ್ಲಿ ಸುತ್ತಿ, ಮೋಟಾರನ್ನು ತಿರುಗಿಸಿಯೇ ಬರಬೇಕು. (ನಮ್ಮ ಕಾರ್ಯಕ್ರಮಗಳ ಚಿತ್ರದಲ್ಲಿ ಅಯಾನುಗಳು ಗೋಲಿಗಳಂತೆ ಉರುಳಿದರೆ ಅದು ಗ್ರಾಫಿಕ್ಸಿನವರ ಕೈಚಳಕ. ನಿಜದಲ್ಲಿ ಅವು ಒಂದು ಖಾಲಿ ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತವೆ.)

ಮನೆಯ ಇನ್ವರ್ಟರಿನ ಸೀಸದ ಬ್ಯಾಟರಿಯಲ್ಲಿ ಫಲಕಗಳು ಘನ, ನಡುವಿನ ಆಮ್ಲ ದ್ರವ. ಫೋರ್ಡ್ ವಿಜ್ಞಾನಿಗಳು ಇದನ್ನು ತಲೆಕೆಳಗು ಮಾಡಿದರು: ಒಂದು ಕಡೆ ಕರಗಿದ ಸೋಡಿಯಂ, ಇನ್ನೊಂದು ಕಡೆ ಕರಗಿದ ಗಂಧಕ, ನಡುವೆ ಬೀಟಾ ಅಲ್ಯೂಮಿನದ ಕೊಳವೆ. ಎಲ್ಲವೂ ದ್ರವವಾಗಿಯೇ ಇರಲು 300 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಉಷ್ಣತೆ ಬೇಕು. ಆ ಬಿಸಿಯಲ್ಲಿ ಕೊಳವೆ ಬಿರುಕುಬಿಟ್ಟರೆ ಸೋಡಿಯಂ ಮತ್ತು ಗಂಧಕ ನೇರವಾಗಿ ಕೂಡಿಬಿಡುತ್ತವೆ. ಕಾಲೇಜಿನಲ್ಲಿ ಸೀಮೆಎಣ್ಣೆಯ ಸೀಸೆಯಿಂದ ತೆಗೆದ ಸೋಡಿಯಂ ಚೂರು ನೀರಿನ ಮೇಲೆ ಸಿಡಿದದ್ದನ್ನು ನೋಡಿದವರಿಗೆ ಆ ಲೋಹದ ಸ್ವಭಾವ ಹೇಳಬೇಕಾಗಿಲ್ಲ.

ಆದ್ದರಿಂದ ಸಂಶೋಧಕರ ದಿನಗಳು ಕಳೆಯುವುದು ಆ ಕೊಳವೆಯ ಮೇಲೆ. ಪುಡಿಯನ್ನು ಒತ್ತಿ, ಸುಮಾರು 1600 ಡಿಗ್ರಿಯಲ್ಲಿ ಸುಡಬೇಕು. ತೆರೆದಿಟ್ಟು ಸುಟ್ಟರೆ ಸೋಡಿಯಂ ಆವಿಯಾಗಿ ಹೋಗುತ್ತದೆ. ಹೆಚ್ಚು ಹೊತ್ತು ಸುಟ್ಟರೆ ಹರಳುಗಳು ದೊಡ್ಡದಾಗಿ ಕೊಳವೆಯ ಬಲ ಕುಗ್ಗುತ್ತದೆ. ಕಡಿಮೆ ಸುಟ್ಟರೆ ರಂಧ್ರಗಳು ಉಳಿಯುತ್ತವೆ. ಪ್ರಯೋಗಾಲಯದಲ್ಲಿ ಒಂದು ಕೊಳವೆ ಗೆದ್ದರೆ ಸಾಲದು. ಒಂದು ಗಾಡಿಗೆ ಬೇಕಾದ ನೂರಾರು ಕೋಶಗಳೂ ಕುಲುಕಾಟದ ರಸ್ತೆಯನ್ನು ತಾಳಬೇಕು.

1990ರ ದಶಕದಲ್ಲಿ ಫೋರ್ಡ್ ಈ ಬ್ಯಾಟರಿಯನ್ನು ಇಕೋಸ್ಟಾರ್ ಎಂಬ ವ್ಯಾನಿನಲ್ಲಿ ಕೂರಿಸಿ ರಸ್ತೆಗಿಳಿಸಿತು. 1994ರಲ್ಲಿ ಎರಡು ವ್ಯಾನುಗಳ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಆ ವ್ಯಾನು ಮಾರುಕಟ್ಟೆಗೆ ಬರಲೇ ಇಲ್ಲ.

ಸೋತ ಕೆಲಸವೆನ್ನುವಿರಾ? ನಾನು ಒಪ್ಪುವುದಿಲ್ಲ. ಫೋರ್ಡ್‌ನ ಈ ಸಂಶೋಧನೆಯನ್ನು ಪರಿಶೀಲಿಸಲು ಸರ್ಕಾರ ಕೇಳಿಕೊಂಡವರಲ್ಲಿ ಜಾನ್ ಗುಡ್‌ಇನಫ್ ಎಂಬ ಭೌತವಿಜ್ಞಾನಿಯೂ ಇದ್ದರು. ಘನವಸ್ತುವಿನೊಳಗೆ ಅಯಾನುಗಳ ಓಡಾಟ ಅವರನ್ನು ಹಿಡಿದುಕೊಂಡದ್ದು ಹೀಗೆ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಬ್ಯಾಟರಿಯ ವಿದ್ಯುದ್ವಾರವಾಗಿ ತೋರಿಸಿಕೊಟ್ಟಿತು. ಅದೂ ಪದರ ಪದರದ ಹರಳೇ. ಸಂದಿಯಲ್ಲಿ ಓಡಾಡುವುದು ಮಾತ್ರ ಲಿಥಿಯಂ. 2019ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಅವರೊಡನೆ ಹಂಚಿಕೊಂಡ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಕೂಡ ತರುಣರಾಗಿದ್ದಾಗ ಅಳೆಯುತ್ತಿದ್ದುದು ಇದೇ ಬೀಟಾ ಅಲ್ಯೂಮಿನವನ್ನು.