ಇಳಿತದ ಹೊತ್ತಿನಲ್ಲಿ ಕಡಲ ಮನೆಗೆ



ರಜೆ ಬಂದರೆ ಮನೆಯವರೆಲ್ಲ ಸೇರಿ ಮೈಸೂರಿನ ಮೃಗಾಲಯಕ್ಕೋ ಬನ್ನೇರುಘಟ್ಟಕ್ಕೋ ಹೋಗುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಕಡಲ ಜೀವಿಗಳನ್ನು ನೋಡಬೇಕೆಂದರೆ ಗಾಜಿನ ತೊಟ್ಟಿಗಳ ಮತ್ಸ್ಯಾಲಯಗಳಿವೆ. ಹೊರದೇಶಗಳಲ್ಲಾದರೆ ಡಾಲ್ಫಿನ್ನುಗಳು ಚೆಂಡಾಡುವ, ನೋಡಲು ಬಂದವರ ಮೇಲೆ ನೀರೆರಚುವ ದೊಡ್ಡ ದೊಡ್ಡ ಪಾರ್ಕುಗಳೂ ಇವೆ. ಇಂಥ ಡಾಲ್ಫಿನ್ ಪ್ರದರ್ಶನಾಲಯಗಳನ್ನು ನಮ್ಮ ದೇಶದಲ್ಲಿ ತೆರೆಯಲು ಅನುಮತಿ ಇಲ್ಲವೆಂದು ಕೇಂದ್ರ ಸರ್ಕಾರ 2013ರ ಮೇ ತಿಂಗಳಲ್ಲಿ ತಿಳಿಸಿತು. ಅಷ್ಟು ಬುದ್ಧಿಯುಳ್ಳ, ಅಷ್ಟು ದೂರ ಈಜುವ ಪ್ರಾಣಿಯನ್ನು ಕೊಳದಲ್ಲಿ ಕೂಡಿಹಾಕುವುದು ತಕ್ಕದ್ದಲ್ಲ ಎಂಬುದು ಅದರ ಹಿಂದಿನ ವಿಚಾರ. ನನಗೆ ಅದು ಸರಿಯೆಂದೇ ತೋರುತ್ತದೆ.

ಇಂದು ನಾನು ನಿಮಗೆ ಹೇಳಹೊರಟಿರುವುದು ಬೇರೊಂದು ಬಗೆಯ ಉದ್ಯಾನದ ವಿಷಯ. ಅಲ್ಲಿ ಗಾಜಿಲ್ಲ, ಗೋಡೆಯಿಲ್ಲ, ತೊಟ್ಟಿಯಿಲ್ಲ. ದಿನಕ್ಕೆರಡು ಬಾರಿ ಕಡಲೇ ಹಿಂದೆ ಸರಿದು ತನ್ನ ಮನೆಯ ಬಾಗಿಲು ತೆರೆಯುತ್ತದೆ. ಕೆಲವು ಗಂಟೆಗಳ ನಂತರ ತಾನೇ ಬಂದು ಮುಚ್ಚಿಕೊಳ್ಳುತ್ತದೆ.

ಗುಜರಾತಿನ ಕಚ್ಛ್ ಕೊಲ್ಲಿಯ ದಕ್ಷಿಣ ದಂಡೆಯ ಉದ್ದಕ್ಕೂ ಹರಡಿರುವ ಸಾಗರ ರಾಷ್ಟ್ರೀಯ ಉದ್ಯಾನ ಇದು. 1980ರಲ್ಲಿ ಅಭಯಧಾಮವಾಯಿತು, 1982ರಲ್ಲಿ ಅದರ ಒಂದು ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಕಡಲಿಗೆಂದೇ ಮೀಸಲಾದ ರಾಷ್ಟ್ರೀಯ ಉದ್ಯಾನ ಭಾರತದಲ್ಲಿ ಇದೇ ಮೊದಲನೆಯದು. ಹವಳದ ದಿಬ್ಬಗಳು, ಕಾಂಡ್ಲಾ ಕಾಡುಗಳು, ಕೆಸರು ಬಯಲುಗಳು, ನಲವತ್ತಕ್ಕೂ ಹೆಚ್ಚು ಸಣ್ಣಪುಟ್ಟ ದ್ವೀಪಗಳು ಇದರೊಳಗೆ ಸೇರಿವೆ. ದೋಣಿಯ ಹಂಗಿಲ್ಲದೆ ಮಕ್ಕಳು ಮರಿಗಳೊಡನೆ ನಡೆದೇ ನೋಡಬಹುದಾದ ಜಾಗ ಎಂದರೆ ನರಾರಾ. ಜಾಮ್‌ನಗರದಿಂದ ದ್ವಾರಕೆಯ ಕಡೆಗೆ ಹೋಗುವಾಗ ವಾಡಿನಾರ್ ಎಂಬ ಊರಿನ ಹತ್ತಿರ ಇದೆ. ನಮ್ಮ ಕಡೆಯಿಂದ ಪ್ರತಿವರ್ಷ ಎಷ್ಟೋ ಕುಟುಂಬಗಳು ಸೋಮನಾಥ, ದ್ವಾರಕೆಗಳಿಗೆ ಯಾತ್ರೆ ಹೋಗುತ್ತವೆ. ಅವರಲ್ಲಿ ಬಹುಮಂದಿ ಈ ದಾರಿಯನ್ನು ಬಸ್ಸಿನಲ್ಲಿ ತೂಕಡಿಸುತ್ತಲೇ ದಾಟಿಬಿಡುತ್ತಾರೆ.

ಇಲ್ಲಿಗೆ ಹೋಗಲು ನಿಮಗೆ ರೈಲಿನ ವೇಳಾಪಟ್ಟಿಗಿಂತ ಮೊದಲು ಬೇಕಾದದ್ದು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು. ಚಂದ್ರ ಸೂರ್ಯರ ಸೆಳೆತದಿಂದ ಉಬ್ಬರ ಇಳಿತಗಳು ಆಗುತ್ತವೆಂದು ಪಾಠದಲ್ಲಿ ಓದಿದ್ದೀರಿ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಇಬ್ಬರ ಸೆಳೆತವೂ ಒಂದೇ ಸಾಲಿನಲ್ಲಿ ಬೀಳುವುದರಿಂದ ನೀರು ಬಹಳ ಮೇಲೇರಿ ಬಹಳ ಕೆಳಗಿಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಎರಡು ಸೆಳೆತಗಳೂ ಅಡ್ಡಡ್ಡವಾಗಿ ಎಳೆಯುವುದರಿಂದ ಏರಿಳಿತ ಕಡಿಮೆ. ಆದ್ದರಿಂದ ಅಷ್ಟಮಿಯ ದಿನ ನರಾರಾಕ್ಕೆ ಹೋದವರಿಗೆ ಅರ್ಧ ಬಾಗಿಲು ಮಾತ್ರ ತೆರೆದಿರುತ್ತದೆ ಎನ್ನಿ. ನಾವು ಹೊರಟಾಗ ನಮ್ಮ ತಾಯಿಯವರು, "ಅಮಾವಾಸ್ಯೆ ದಿವಸ ಮಕ್ಕಳನ್ನ ಕಟ್ಟಿಕೊಂಡು ಸಮುದ್ರಕ್ಕೆ ಹೋಗೋದು ಬೇಡಪ್ಪಾ" ಎಂದರು. ವಾದ ಮಾಡುವ ಅಗತ್ಯ ಬೀಳಲಿಲ್ಲ. ಕಡಲಿನಂಥ ದೊಡ್ಡ ನೀರಿನ ರಾಶಿ ಸೆಳೆತಕ್ಕೆ ಓಗೊಡಲು ಸ್ವಲ್ಪ ತಡ ಮಾಡುತ್ತದೆ. ಅತಿ ದೊಡ್ಡ ಇಳಿತಗಳು ಸಾಮಾನ್ಯವಾಗಿ ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ಬರುತ್ತವೆ. ಬಿದಿಗೆಯ ದಿನ ಗೊತ್ತುಮಾಡಿದೆವು. ತಾಯಿಯವರಿಗೂ ಸಮಾಧಾನ, ವಿಜ್ಞಾನಕ್ಕೂ ಸಮಾಧಾನ!

ನಮ್ಮ ಮಂಗಳೂರು ಕಾರವಾರಗಳಲ್ಲಿ ನೀರು ಏರಿ ಇಳಿಯುವುದು ಒಂದೆರಡು ಮೀಟರಿನಷ್ಟು ಮಾತ್ರ. ಕಚ್ಛ್ ಕೊಲ್ಲಿಯ ಆಕಾರ ಆಲಿಕೆಯಂತಿದೆ. ಬಾಯಿ ಅಗಲ, ಒಳಗೆ ಹೋದಂತೆ ಕಿರಿದು, ಜೊತೆಗೆ ಆಳವೂ ಕಡಿಮೆ. ಅರಬ್ಬೀ ಸಮುದ್ರದಿಂದ ನುಗ್ಗಿದ ನೀರಿಗೆ ಅಕ್ಕಪಕ್ಕ ಜಾಗ ಸಾಲದೆ ಅದು ಮೇಲಕ್ಕೆ ಏರುತ್ತದೆ. ಬಾಯಲ್ಲಿರುವ ಓಖಾದಲ್ಲಿ ಮೂರು ನಾಲ್ಕು ಮೀಟರ್ ಇರುವ ಏರಿಳಿತ ಒಳಗಿನ ಕಾಂಡ್ಲಾ ಬಂದರಿನ ಹತ್ತಿರ ಆರೇಳು ಮೀಟರ್ ಆಗುತ್ತದೆ. ಎಂದರೆ ಎರಡಂತಸ್ತಿನ ಮನೆಯ ಎತ್ತರ. ನೆಲ ಬಹಳ ಇಳಿಜಾರಿಲ್ಲದೆ ಹರಡಿಕೊಂಡಿರುವುದರಿಂದ ನೀರು ಇಳಿದಾಗ ಕಡಲ ತಳ ಕಿಲೋಮೀಟರುಗಟ್ಟಲೆ ತೆರೆದುಕೊಳ್ಳುತ್ತದೆ. ನೇತ್ರಾಣಿಯ ಹವಳವನ್ನು ನೋಡಬೇಕಾದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಮುಳುಗಬೇಕು. ಇಲ್ಲಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಷರಾಯಿ ಮಡಿಸಿಕೊಂಡು ನಡೆದರೆ ಸಾಕು.

ಅರಣ್ಯ ಇಲಾಖೆಯ ಪರವಾನಗಿ ಪಡೆದು, ಮಾರ್ಗದರ್ಶಿಯ ಜೊತೆಯಲ್ಲಿ, ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮುಂಚೆಯೇ ಹೊರಡಬೇಕು. ಚಳಿಗಾಲ ಒಳ್ಳೆಯದು. ಮಂಡಿನೋವಿನ ಹಿರಿಯರು ದಂಡೆಯಲ್ಲೇ ಕುಳಿತುಕೊಳ್ಳುವುದು ಮೇಲು, ಕೆಸರು ಕಾಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮೊದಲ ಅರ್ಧ ಗಂಟೆ ನಿಮಗೆ ಏನೂ ಕಾಣುವುದಿಲ್ಲ. ಬೂದು ಬಣ್ಣದ ಕೆಸರು, ಕಲ್ಲು, ಪಾಚಿ, ಅಲ್ಲಲ್ಲಿ ಸಣ್ಣ ಮಡುಗಳು, ಅಷ್ಟೆ. "ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ ಅಪ್ಪಾ?" ಎಂದು ನನ್ನ ಮಗ ಕೇಳಿದ. ಹತ್ತು ನಿಮಿಷ ಒಂದೇ ಮಡುವಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿದೆ. ನಮ್ಮ ನೆರಳು ಅಲುಗಾಡದೆ ನಿಂತ ಮೇಲೆ ಆ ಮಡು ಬದಲಾಗತೊಡಗಿತು. ಶಂಖವೊಂದು ಎದ್ದು ನಡೆಯಿತು! ಒಳಗಿದ್ದದ್ದು ಸನ್ಯಾಸಿ ಏಡಿ. ಅದರ ಹಿಂಭಾಗ ಮೆತ್ತಗೆ, ಚಿಪ್ಪಿಲ್ಲ. ಸತ್ತ ಶಂಖದ ಹುಳುವಿನ ಖಾಲಿ ಮನೆಯಲ್ಲಿ ಅದು ವಾಸ ಮಾಡುತ್ತದೆ, ಬೆಳೆದಂತೆಲ್ಲ ಇನ್ನೂ ದೊಡ್ಡ ಮನೆ ಹುಡುಕುತ್ತದೆ. ಷೋಕೇಸಿನಲ್ಲಿಡಲು ನೀವು ಎತ್ತಿಕೊಳ್ಳುವ ಖಾಲಿ ಶಂಖ ನಿಜವಾಗಿ ಖಾಲಿಯಲ್ಲ, ಬಾಡಿಗೆಗಿರುವ ಮನೆ. ಅಲ್ಲದೆ ರಾಷ್ಟ್ರೀಯ ಉದ್ಯಾನದಿಂದ ಏನನ್ನೂ ಒಯ್ಯುವಂತಿಲ್ಲ.

ಕಲ್ಲೆಂದು ನೀವು ಕಾಲಿಡಲಿರುವ ದುಂಡನೆಯ ಗುಂಡಿನ ಮೇಲೆ ಮೆದುಳಿನ ಮಡಿಕೆಗಳಂಥ ಗೆರೆಗಳಿದ್ದರೆ ಕಾಲನ್ನು ಹಿಂದೆಗೆಯಿರಿ. ಅದು ಹವಳ. ಸಾವಿರಾರು ಪುಟ್ಟ ಪ್ರಾಣಿಗಳು ಕೂಡಿ ಸುಣ್ಣದ ಕಲ್ಲಿನ ಮನೆ ಕಟ್ಟಿಕೊಂಡಿವೆ. ಅವುಗಳ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳಿವೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಹವಳ ಅದಕ್ಕೆ ಮನೆ ಕೊಡುತ್ತದೆ. ಕಡಲ ನೀರಿನ ಶಾಖ ಬೇಸಗೆಯ ಮಾಮೂಲು ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಈ ಒಕ್ಕಲು ಮುರಿದು, ಪಾಚಿ ಹೊರಬಿದ್ದು, ಹವಳ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಲೋಕದ ಅನೇಕ ಕಡಲುಗಳಲ್ಲಿ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಂಥ ನಾಲ್ಕನೆಯ ಜಾಗತಿಕ ಘಟನೆಯನ್ನು ಘೋಷಿಸಿದರು. ಗುಂಡಾದ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ನಿಮ್ಮ ಬೂಟಿನ ಒಂದು ತುಳಿತ ಎಷ್ಟು ವರ್ಷಗಳದು ಎಂದು ನೀವೇ ಲೆಕ್ಕ ಹಾಕಬಹುದು.

ಇನ್ನು ನಾನು ಒತ್ತಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಮುಂದೆ ಹೋಗುತ್ತಿದ್ದ ಪ್ರವಾಸಿಗಳ ತಂಡವೊಂದು ಮಡುವಿನಲ್ಲಿ ಉಬ್ಬುಮೀನನ್ನು ಕಂಡಿತು. ಇಂಗ್ಲಿಷಿನಲ್ಲಿ ಇದಕ್ಕೆ ಪಫರ್ ಎನ್ನುತ್ತಾರೆ. ಯಾರೋ ಅದನ್ನು ಕೈಯಲ್ಲಿ ಎತ್ತಿದರು. ಅದು ಚೆಂಡಿನಂತೆ ಊದಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಂಗೈಯಿಂದ ಅಂಗೈಗೆ ಅದು ಸಾಗಿತು, ಫೋಟೋಗಳಾದವು. ಕಾಲೇಜಿನಲ್ಲಿ ಓದುವ ನನ್ನ ಮಗಳು ಮೆಲ್ಲಗೆ, "ಅಪ್ಪಾ, ಅದಕ್ಕೆ ಉಸಿರು ಕಟ್ಟೋದಿಲ್ವಾ?" ಎಂದಳು.

ಕಟ್ಟುತ್ತದೆ. ಶತ್ರು ಬಂದಾಗ ಈ ಮೀನು ಗಬಗಬನೆ ನೀರು ನುಂಗಿ, ಹಿಗ್ಗಬಲ್ಲ ತನ್ನ ಹೊಟ್ಟೆಯನ್ನು ತುಂಬಿಕೊಂಡು ಗಾತ್ರ ದೊಡ್ಡದು ಮಾಡಿಕೊಳ್ಳುತ್ತದೆ. ಅದು ಆಟವಲ್ಲ, ಪ್ರಾಣಭಯ. ನೀರಿನಿಂದ ಮೇಲೆತ್ತಿದಾಗ ನೀರಿನ ಬದಲು ಗಾಳಿಯನ್ನು ನುಂಗುತ್ತದೆ. ಆ ಗಾಳಿಯನ್ನು ಹೊರಹಾಕುವುದು ಅದಕ್ಕೆ ಸುಲಭವಲ್ಲ. ತಿರುಗಿ ನೀರಿಗೆ ಬಿಟ್ಟರೂ ಹೊಟ್ಟೆ ಮೇಲಾಗಿ ತೇಲುತ್ತಾ, ಈಜಲಾರದೆ ಹಕ್ಕಿಗಳ ಪಾಲಾಗಬಹುದು. ಅಷ್ಟಪದಿಯ ಕಥೆಯೂ ಇಂಥದೇ. ಅದಕ್ಕೆ ಮೂರು ಹೃದಯ, ತಾಮ್ರದ ಅಂಶವಿರುವ ನೀಲಿ ರಕ್ತ, ಚರ್ಮದಲ್ಲಿ ಸ್ನಾಯುಗಳಿಂದ ಹಿಗ್ಗಿ ಕುಗ್ಗುವ ಬಣ್ಣದ ಚೀಲಗಳು. ಕಲ್ಲಿನ ಪಕ್ಕ ಕಲ್ಲಿನ ಬಣ್ಣ, ಮರಳಿನ ಮೇಲೆ ಮರಳಿನ ಬಣ್ಣ. ಅದನ್ನು ಕೋಲಿನಿಂದ ಕೆಣಕಿ ಮಸಿ ಕಾರಿಸುವವರಿದ್ದಾರೆ. ಮಸಿಯ ಚೀಲ ಒಮ್ಮೆ ಬರಿದಾದರೆ ಮತ್ತೆ ತುಂಬಲು ಹೊತ್ತು ಬೇಕು. ಅಷ್ಟರಲ್ಲಿ ನಿಜವಾದ ಶತ್ರು ಬಂದರೆ ಅದರ ಕೈ ಬರಿದು. ಮಸಿಯ ಮೋಡವನ್ನು ನೋಡಲೇಬೇಕೆಂದು ಹಟ ಹಿಡಿಯುವವರಿಗೆ ಕ್ಯಾಮರಾದವರಾದ ನಾವೇ ಮೇಲ್ಪಂಕ್ತಿ ಹಾಕಿಕೊಟ್ಟಿದ್ದೇವೋ ಏನೋ. ದೃಶ್ಯ ಸರಿಯಾಗಿ ಬರಲಿಲ್ಲವೆಂದರೆ "ಇನ್ನೊಂದು ಸಲ" ಎನ್ನುವುದು ನಮ್ಮ ಕಸುಬಿನ ಮಾತು. ಇದನ್ನು ನಟನಿಗೆ ಹೇಳಬಹುದು, ಅಷ್ಟಪದಿಗೆ ಹೇಳಲಾಗದು.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ನೀವು ಈ ಜೀವಿಗಳನ್ನು ನೋಡಲು ಹೋಗುವುದು ಅವುಗಳ ಅತ್ಯಂತ ಕಷ್ಟದ ಹೊತ್ತಿನಲ್ಲಿ. ಊರಿಗೆ ಬರ ಬಂದಾಗ ನೆಂಟರು ಹೋದ ಹಾಗೆ. ನೀರು ಸರಿದ ಕೂಡಲೇ ಬಿಸಿಲು ಏರುತ್ತದೆ. ಸಣ್ಣ ಮಡುವಿನ ನೀರು ಬೆಚ್ಚಗಾಗುತ್ತದೆ, ಆವಿಯಾಗಿ ಉಪ್ಪು ಹೆಚ್ಚಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ. ಮೇಲಿನಿಂದ ಕೊಕ್ಕರೆಗಳ ಕಣ್ಣು. ಹೀಗಾಗಿ ಪ್ರತಿಯೊಂದೂ ತನ್ನ ತನ್ನ ರೀತಿಯಲ್ಲಿ ತಡೆದುಕೊಂಡು ಕುಳಿತಿರುತ್ತದೆ. ಸೀ ಅನಿಮೋನ್ ಎಂಬ ಕಡಲ ಹೂ ತನ್ನ ಕುಟುಕುವ ಕೈಗಳನ್ನು ಒಳಗೆಳೆದುಕೊಂಡು, ಒಂದಿಷ್ಟು ನೀರನ್ನು ಒಳಗೇ ಇಟ್ಟುಕೊಂಡು ಲೋಳೆಯ ಗುಬುಟಿನಂತಾಗುತ್ತದೆ. ಶಂಖದ ಹುಳು ಬಾಗಿಲು ಮುಚ್ಚುತ್ತದೆ. ಏಡಿ ಕಿವಿರುಗಳ ಕೋಣೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹವಳ ಮೈಮೇಲೆ ಲೋಳೆ ಸವರಿಕೊಳ್ಳುತ್ತದೆ. ಎಲ್ಲರೂ ನೀರು ಬರುವ ಹೊತ್ತನ್ನು ಕಾಯುತ್ತಿದ್ದಾರೆ. ಆರು ಗಂಟೆಗಳಿಗೆಂದು ಕೂಡಿಟ್ಟುಕೊಂಡ ಶಕ್ತಿಯನ್ನು ನಮ್ಮ ಒಂದು ಫೋಟೋಗಾಗಿ ಖರ್ಚು ಮಾಡಿಸುವುದು ನ್ಯಾಯವೇ? ಕಲ್ಲನ್ನು ಮಗುಚಿ ನೋಡುವುದೂ ಹಾಗೆಯೇ. ಅದರ ಅಡಿಯ ತಂಪಿನಲ್ಲಿ ಸ್ಪಂಜುಗಳು, ಮೊಟ್ಟೆಗಳು, ಎಳೆಯ ಏಡಿಗಳು ಇರುತ್ತವೆ. ಮಗುಚಿಹೋದ ಕಲ್ಲಿನ ಮೇಲೆ ಅವು ಬಿಸಿಲಿಗೆ ಸಾಯುತ್ತವೆ. ನಮ್ಮ ಮಾರ್ಗದರ್ಶಿಯಂತೂ ಒಂದನ್ನೂ ಮುಟ್ಟಲಿಲ್ಲ. ಕೋಲಿನ ತುದಿಯಿಂದ ದೂರದಿಂದಲೇ ತೋರಿಸಿ, "ನೋಡಿ, ನೋಡಿ, ಕಣ್ಣು ಮಾತ್ರ" ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ಅವರು ತೋರಿಸಿದಷ್ಟನ್ನು ಬೇರೆ ಯಾರೂ ತೋರಿಸಲಾರರು.

ಅಲ್ಲಿ ನಿಂತು ತಲೆ ಎತ್ತಿದರೆ ದೂರದಲ್ಲಿ ಎಣ್ಣೆಯ ಟ್ಯಾಂಕುಗಳು ಕಾಣುತ್ತವೆ. ಈ ಕೊಲ್ಲಿಯಿಂದ ಮಥುರೆಯವರೆಗೆ ಕಚ್ಚಾ ತೈಲ ಹೊತ್ತೊಯ್ಯುವ ಕೊಳವೆಮಾರ್ಗ 1978ರಲ್ಲೇ ಬಂತು, ಎಂದರೆ ಉದ್ಯಾನಕ್ಕಿಂತ ಮೊದಲು. ಜಾಮ್‌ನಗರದ ಬಳಿಯ ದೊಡ್ಡ ಸಂಸ್ಕರಣಾಗಾರ 1999ರಲ್ಲಿ ಆರಂಭವಾಯಿತು. ಅದಕ್ಕೂ ಹಿಂದೆ ಸಿಮೆಂಟಿಗೆಂದು ಇಲ್ಲಿನ ಹವಳದ ಮರಳನ್ನೇ ತೆಗೆಯುತ್ತಿದ್ದ ಕಾಲವಿತ್ತು. ಉದ್ಯಾನ ಮತ್ತು ಉದ್ಯಮ ಇಲ್ಲಿ ಒಂದೇ ಬೇಲಿಯ ಎರಡು ಕಡೆಯ ಮನೆಗಳು. ಕಾರಿನಲ್ಲಿ ಪೆಟ್ರೋಲು ತುಂಬಿಸಿಕೊಂಡು ಅಲ್ಲಿಗೆ ಹೋದವರು ಟ್ಯಾಂಕುಗಳನ್ನು ಬೈದು ಹಿಂತಿರುಗಿದರೆ ಅರ್ಧ ಮಾತನಾಡಿದಂತೆ. ಹವಳಗಳನ್ನೂ ತಿಮಿಂಗಿಲ ಶಾರ್ಕನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳ ಜೊತೆಯಲ್ಲಿ ಅವಕ್ಕೂ ಒಂದು ಸ್ಥಾನ ಸಿಕ್ಕಿತು.

ಇಷ್ಟು ದೂರ ಹೋಗಲಾಗದವರು ನಿರಾಶರಾಗಬೇಕಾಗಿಲ್ಲ. ಮಂಗಳೂರಿನ ಹತ್ತಿರದ ಸೋಮೇಶ್ವರದ ಬಂಡೆಗಳ ಸಂದಿನಲ್ಲಿ, ಗೋಕರ್ಣದ ಸುತ್ತಿನ ಕಲ್ಲುದಂಡೆಗಳಲ್ಲಿ ಇದರ ಚಿಕ್ಕ ಪ್ರತಿ ನಿಮಗೆ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ, ಇಳಿತದ ಹೊತ್ತು ನೋಡಿಕೊಂಡು, ಊರಿನ ಬೆಸ್ತರನ್ನು ಕೇಳಿಕೊಂಡು ಹೋಗಿ. ಹವಳ ಸಿಗಲಿಕ್ಕಿಲ್ಲ, ಆದರೆ ಸನ್ಯಾಸಿ ಏಡಿಗೂ ಬಂಡೆ ಕಚ್ಚಿದ ಚಿಪ್ಪುಗಳಿಗೂ ಬರವಿಲ್ಲ. ಮುಂದೆ ಇದನ್ನೇ ಓದಬೇಕೆನ್ನುವವರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ.

ನರಾರಾಕ್ಕೆ ಹೋದವರು ಒಂದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ನೀರು ತಿರುಗುವ ಹೊತ್ತಿಗೆ ಹೆಚ್ಚಿನವರು ಸಾಕೆಂದು ದಂಡೆಗೆ ಹೊರಟುಬಿಡುತ್ತಾರೆ. ಮಾರ್ಗದರ್ಶಿ ಕರೆದಾಗ ನೀವೂ ಹೊರಡಲೇಬೇಕು, ಏಕೆಂದರೆ ಇಲ್ಲಿ ನೀರು ಅಲೆಯಾಗಿ ಸದ್ದು ಮಾಡಿ ಬರುವುದಿಲ್ಲ. ತಗ್ಗಿನ ಕಾಲುವೆಗಳಲ್ಲಿ ಸದ್ದಿಲ್ಲದೆ ಸುತ್ತಿಕೊಂಡು ನಿಮ್ಮ ಬೆನ್ನ ಹಿಂದೆ ಬಂದಿರುತ್ತದೆ. ಆದರೆ ಹಿಂತಿರುಗುವ ದಾರಿಯಲ್ಲಿ, ದಂಡೆಗೆ ಹತ್ತಿರದ ಯಾವುದಾದರೂ ಮಡುವಿನ ಪಕ್ಕ ಐದು ನಿಮಿಷ ನಿಲ್ಲಿ. ಹೊಸ ನೀರು ಬೆರಳಿನಷ್ಟು ಅಗಲದ ದಾರವಾಗಿ ಒಳಗೆ ಹರಿಯುತ್ತದೆ. ಜೊತೆಗೆ ಗಾಜಿನ ಚೂರಿನಂಥ ಎಳೆಯ ಮೀನುಗಳು ಬರುತ್ತವೆ. ಶಂಖದ ಬಾಗಿಲು ತೆರೆಯುತ್ತದೆ. ಗುಬುಟಿನಂತೆ ಕುಳಿತಿದ್ದ ಕಡಲ ಹೂ ಮೊದಲು ಒಂದು ಕೈ, ಆಮೇಲೆ ಇನ್ನೊಂದು, ಆಮೇಲೆ ಎಲ್ಲವನ್ನೂ ಹೊರಗೆ ಚಾಚುತ್ತದೆ.