ಸಾಯಲೊಲ್ಲದ ಪತ್ತೇದಾರ

ತನ್ನ ಪಾತ್ರದಿಂದ ತಾನೇ ಬೇಸತ್ತು ಅದನ್ನು ಕೊಂದು, ಕೊನೆಗೆ ಓದುಗರಿಗೆ ಮಣಿದು ಮತ್ತೆ ಬದುಕಿಸಿದ ಲೇಖಕ ಆರ್ಥರ್ ಕಾನನ್ ಡಾಯ್ಲ್. 1887ರಲ್ಲಿ ಹುಟ್ಟಿದ ಷರ್ಲಾಕ್ ಹೋಮ್ಸ್ 1893ರಲ್ಲಿ ಸ್ವಿಟ್ಜರ್‌ಲೆಂಡಿನ ಜಲಪಾತವೊಂದರಲ್ಲಿ ಕಣ್ಮರೆಯಾದ. 1903ರಲ್ಲಿ ಮರಳಿ ಬಂದ. ಡಾಯ್ಲ್ ಬರೆದದ್ದು ನಾಲ್ಕು ಕಾದಂಬರಿ, 56 ಕಥೆ. ಇತರರು ಕಟ್ಟಿದ ನಾಟಕ, ಸಿನಿಮಾಗಳಿಗೆ ಮಾತ್ರ ಲೆಕ್ಕವಿಲ್ಲ.

ಹೋಮ್ಸ್ ಎಂದೊಡನೆ ನೆನಪಾಗುವ ಟೋಪಿಯನ್ನು ಜನರ ಕಣ್ಣಲ್ಲಿ ನಿಲ್ಲಿಸಿದ್ದು ಚಿತ್ರಕಾರ ಸಿಡ್ನಿ ಪೇಜೆಟ್. 1939ರಿಂದ 1946ರವರೆಗೆ 14 ಚಿತ್ರಗಳಲ್ಲಿ ನಟಿಸಿದ ಬೇಸಿಲ್ ರಾಥ್‌ಬೋನ್, ಕೆಲವದರಲ್ಲಿ ನಾಜಿಗಳ ಬೆನ್ನುಹತ್ತಿದ. 1984ರಲ್ಲಿ ಆರಂಭವಾದ ಟಿ.ವಿ. ಸರಣಿಯಲ್ಲಿ ಜೆರೆಮಿ ಬ್ರೆಟ್ ಮತ್ತೆ ಕುದುರೆಗಾಡಿಯ ಲಂಡನ್ನಿಗೆ ಮರಳಿದ. 2010ರ ಬಿಬಿಸಿ ಸರಣಿಯ ಹೋಮ್ಸ್ ಕೈಗೆ ಮೊಬೈಲ್ ಬಂತು. ವಿಚಿತ್ರವೆಂದರೆ, ಅಲ್ಲಿ ವಾಟ್ಸನ್ನನ ಹಿನ್ನೆಲೆಯನ್ನು ಬದಲಿಸಬೇಕಾಗಲೇ ಇಲ್ಲ. 1887ರ ವಾಟ್ಸನ್ ಆಫ್ಘನ್ ಯುದ್ಧದಲ್ಲಿ ಗಾಯಗೊಂಡು ಬಂದವನು, 2010ರವನೂ ಅಷ್ಟೇ.

ಹಾಗಾದರೆ ಉಳಿಯುವುದೇನು? ನೋಡುವ ಬಗೆ. ರೋಗಿ ಬಾಯಿ ತೆರೆಯುವ ಮೊದಲೇ ಆತನ ಕಸುಬು ಹೇಳುತ್ತಿದ್ದ ಎಡಿನ್‌ಬರೋದ ವೈದ್ಯ ಜೋಸೆಫ್ ಬೆಲ್, ಡಾಯ್ಲ್‌ಗೆ ಗುರು. ಬೂಟಿನ ಕೆಸರು, ಅಂಗಿಯ ತೋಳು, ಬೆರಳಿನ ಕಲೆ ಎಲ್ಲವೂ ಹೋಮ್ಸ್‌ಗೆ ಮಾತಾಡುತ್ತವೆ. ಅದನ್ನೇ ಕಂಡೂ ಕಾಣದ ವಾಟ್ಸನ್ ನಮ್ಮಂಥವನು. ಅವನ ಬೆರಗೇ ಓದುಗರ ಬೆರಗು.

ಪಕ್ಕದ ಮನೆಯವರ ಹೆಸರೂ ತಿಳಿಯದ ದೊಡ್ಡ ನಗರದಲ್ಲಿ, ಅಪರಿಚಿತನೊಬ್ಬನ ಕಷ್ಟವನ್ನು ಕೂರಿಸಿ ಕೇಳುವವನು ಇದ್ದಾನೆ, ಗಮನವಿಟ್ಟರೆ ಸತ್ಯ ಸಿಕ್ಕೀತು ಎಂಬ ಭರವಸೆ ಆ ಕಥೆಗಳಲ್ಲಿದೆ. ವೇಷ ಎಷ್ಟು ಬದಲಾದರೂ ಜನ ಹುಡುಕಿಕೊಂಡು ಹೋಗುವುದು ಆ ಭರವಸೆಯನ್ನೇ.