ಹುಣಸೆ ತೋಪಿನ ನೆರಳಲ್ಲಿ ಟರ್ಬೊ ಕಾರಿನ ಲೆಕ್ಕ

(ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪನ್ನು ನೋಡಲು ಬಂದಿದ್ದ ಮಲೆನಾಡಿನ ವಿದ್ಯಾರ್ಥಿಗಳನ್ನೂ ಗ್ರಾಮಸ್ಥರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಈ ತೋಪಿನ ವಿಸ್ತಾರ 54 ಎಕರೆ. ಸುಮಾರು ಮುನ್ನೂರು ಹುಣಸೆ ಮರಗಳು ಇಲ್ಲಿವೆ. ಅವುಗಳಲ್ಲಿ ಅತ್ಯಂತ ಹಳೆಯವು ನಾಲ್ಕು ಶತಮಾನಗಳಷ್ಟು ಪ್ರಾಚೀನವೆಂದು ಅಂದಾಜು. 2007ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ತಾಣ ಇದೇ. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಇದೇ ತಾಲ್ಲೂಕಿನಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ನೆಲದ ಮೇಲೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಅದರ ಹಿಂದೆಯೇ ಅಗಲವಾದ ರಸ್ತೆ ಬಂತು, ಜಮೀನಿನ ಬೆಲೆ ಏರಿತು, ಎಷ್ಟೋ ಮನೆಗಳಿಗೆ ಹಿಂದೆಂದೂ ಕಾಣದಷ್ಟು ಹಣವೂ ಬಂತು. ಆ ಹಣದ ಜೊತೆಗೆ ಮನೆಯ ಮಗನ ಒಂದು ಬೇಡಿಕೆಯೂ ಬಂತು: ‘ಅಪ್ಪ, ಆ ಕಾರು ಕೊಡಿಸು.’

ಇಂದು ಆ ಬೇಡಿಕೆ ಮಲೆನಾಡಿಗೂ ಹೊಸದಲ್ಲ. ಗದ್ದೆ ತೋಟಗಳ ಅಂಚು ರೆಸಾರ್ಟುಗಳಿಗೆ ಮಾರಾಟವಾಗುತ್ತಿರುವ ಊರುಗಳಲ್ಲಿಯೂ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ, ವಿದೇಶದಿಂದ ಬಂದ, ಯಾರೋ ಮಾರ್ಪಡಿಸಿದ, ಟರ್ಬೊ ಎಂಜಿನ್ನಿನ ಸ್ಪೋರ್ಟ್ಸ್ ಕಾರಿನ ಚಿತ್ರವನ್ನು ಮೊಬೈಲಿನಲ್ಲಿ ತಂದೆಗೆ ತೋರಿಸುತ್ತಾನೆ. ಅವನನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಆ ಆಸೆ ಹೀನವಾದದ್ದಲ್ಲ. ವೇಗದ ಮೋಹ ತಾರುಣ್ಯಕ್ಕೆ ಸಹಜ. ಆ ಯಂತ್ರವೂ ಮನುಷ್ಯನ ಬುದ್ಧಿಯ ಒಂದು ಉತ್ತಮ ಫಲವೇ. ಆದುದರಿಂದ ಗದರುವುದಕ್ಕಿಂತ ಲೆಕ್ಕ ಹಾಕುವುದು ಮೇಲು.

ಮೊದಲು ಯಂತ್ರದ ವಿಚಾರ. ಎಂಜಿನ್ನಿನಲ್ಲಿ ಇಂಧನ ಉರಿಯಲು ಗಾಳಿ ಬೇಕು. ಸಾಮಾನ್ಯ ಎಂಜಿನ್ ತನ್ನ ಉಸಿರಿನಿಂದಲೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್ನಿನಲ್ಲಿ, ಹೊಗೆಕೊಳವೆಯಿಂದ ವ್ಯರ್ಥವಾಗಿ ಹೋಗುವ ಬಿಸಿ ಅನಿಲವೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಇಂದು ಘಾಟಿ ಹತ್ತುವ ಡೀಸೆಲ್ ಜೀಪು, ಲಾರಿಗಳಲ್ಲಿಯೂ ಟರ್ಬೊ ಇದೆ. ದೋಷ ಟರ್ಬೊದಲ್ಲಿಲ್ಲ. ತಯಾರಕನು ಗೊತ್ತುಮಾಡಿದ ಒತ್ತಡವನ್ನು ಮೀರಿ ಏರಿಸುವುದರಲ್ಲಿ ಅಪಾಯವಿದೆ.

ಇದನ್ನು ರೈತರಿಗೆ ಭತ್ತದ ಉದಾಹರಣೆಯಿಂದ ಹೇಳಬಹುದು. ಹಳೆಯ ಕಾಲದ ಎತ್ತರದ ತಳಿಗೆ ಯೂರಿಯಾ ಸುರಿದರೆ ಏನಾಗುತ್ತದೆಂದು ಗದ್ದೆ ಮಾಡಿದವರೆಲ್ಲರೂ ಬಲ್ಲರು. ಪೈರು ಕಡು ಹಸಿರಾಗಿ ಎದ್ದು ನಿಲ್ಲುತ್ತದೆ. ತೆನೆ ತುಂಬುವ ಹೊತ್ತಿಗೆ ಒಂದು ಗಾಳಿಮಳೆ ಬಂದರೆ ಇಡೀ ಗದ್ದೆ ನೆಲಕ್ಕೆ ಮಲಗುತ್ತದೆ. ಗೊಬ್ಬರ ಹೆಚ್ಚಾಯಿತು, ಕಾಂಡ ಹಳೆಯದೇ ಉಳಿಯಿತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೊದಲು ಕಾಂಡವನ್ನು ಬದಲಿಸಿದರು. ಇಂಡೊನೇಷ್ಯಾದ ಎತ್ತರದ ‘ಪೇಟಾ’ ತಳಿಯನ್ನು ತೈವಾನಿನ ಗಿಡ್ಡ ತಳಿಯೊಂದರೊಡನೆ ಸಂಕರಿಸಿ, 1966ರಲ್ಲಿ ಐಆರ್-8 ತಳಿಯನ್ನು ಬಿಡುಗಡೆ ಮಾಡಿದರು. ಗಿಡ್ಡ, ಗಟ್ಟಿ ಕಾಂಡ ಬಂದ ಮೇಲೆಯೇ ಹೆಚ್ಚಿನ ಗೊಬ್ಬರ ಇಳುವರಿಯಾಗಿ ಫಲಿಸಿತು.

ಅಗ್ಗದಲ್ಲಿ ಮಾರ್ಪಡಿಸಿದ ಕಾರು ಯೂರಿಯಾ ತಿಂದ ಎತ್ತರದ ಭತ್ತದಂತೆ. ಕಂಪ್ಯೂಟರಿನ ಲೆಕ್ಕ ಬದಲಿಸಿ ಟರ್ಬೊ ಒತ್ತಡವನ್ನು ಅರ್ಧ ದಿನದಲ್ಲಿ ಏರಿಸಬಹುದು. ಆದರೆ ಬ್ರೇಕು, ಟೈರು, ಸಸ್ಪೆನ್ಷನ್, ಗೇರ್‌ಬಾಕ್ಸ್, ಎಂಜಿನ್ನನ್ನು ತಣಿಸುವ ವ್ಯವಸ್ಥೆ ಇವೆಲ್ಲ ಹಳೆಯ ಶಕ್ತಿಗೆ ತಕ್ಕಂತೆಯೇ ಉಳಿದಿರುತ್ತವೆ. ಇಂಥ ಕಾರನ್ನು ಎರಡನೆಯ ಕೈಯಿಂದ ಕೊಳ್ಳುವವನಿಗೆ ಹಿಂದಿನವನು ಏನು ಕಳಚಿದ, ಏನು ಜೋಡಿಸಿದ ಎಂಬುದು ತಿಳಿಯದು. ಬಾನೆಟ್ಟಿನ ಹೊಳಪು ಅದನ್ನು ಹೇಳುವುದಿಲ್ಲ.

ಇನ್ನು ರಸ್ತೆಯ ಲೆಕ್ಕ. ವೇಗ ಇಮ್ಮಡಿಯಾದರೆ ಚಲನೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿರುವ ಮಾತಿದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಚಾಲಕನಿಗೆ ಎದುರಿನ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಕ್ಷಣ ಹಿಡಿದರೆ, ಅಷ್ಟರಲ್ಲಿ ಕಾರು 17 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. 120 ಕಿಲೋಮೀಟರ್ ವೇಗದಲ್ಲಿ ಆ ಒಂದು ಕ್ಷಣಕ್ಕೆ 33 ಮೀಟರ್, ಬ್ರೇಕು ಹಿಡಿದ ಮೇಲೆ ಸುಮಾರು 80 ಮೀಟರ್. ಹಸು ಅಡ್ಡ ಬಂದಾಗ ಒಬ್ಬನಿಗೆ 37 ಮೀಟರ್ ಸಾಕು, ಇನ್ನೊಬ್ಬನಿಗೆ 110 ಮೀಟರ್ ದಾಟಬೇಕು. ಮಳೆಗಾಲದ ಘಾಟಿಯಲ್ಲಿ ಇದು ಇನ್ನೂ ಹೆಚ್ಚು. ಹೆಚ್ಚು ಒತ್ತಡದ ಟರ್ಬೊ ಕಾರಿನಲ್ಲಿ ಕಾಲು ಒತ್ತಿದ ಮೇಲೆ ಶಕ್ತಿ ಸ್ವಲ್ಪ ತಡವಾಗಿ, ಆದರೆ ಒಮ್ಮೆಗೇ ಬರುತ್ತದೆ. ತಿರುವಿನ ನಡುವೆ ಅದು ಬಂದರೆ ಹಿಂದಿನ ಚಕ್ರಗಳು ಜಾರಬಹುದು. ಅನುಭವಿಯ ಕಾಲಿಗೆ ಇದು ಗೊತ್ತು. ನಿನ್ನೆ ಮೊನ್ನೆ ಲೈಸೆನ್ಸ್ ಪಡೆದವನ ಕಾಲಿಗೆ ಗೊತ್ತಿರುವುದಿಲ್ಲ.

ಮೂರನೆಯದು ಕಾಗದಪತ್ರಗಳ ಲೆಕ್ಕ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ವಿಂಟೇಜ್ ವಾಹನಗಳ ಮಾತು ಬೇರೆ. ಹಾಗಾದರೆ ಇಪ್ಪತ್ತು ವರ್ಷಕ್ಕೂ ಹಳೆಯ ಜಪಾನಿನ ಟೊಯೊಟಾ ಸುಪ್ರಾ, ನಿಸ್ಸಾನ್ ಸ್ಕೈಲೈನ್ ಕಾರುಗಳನ್ನು ‘ಈಗಷ್ಟೇ ತರಿಸಿದ್ದು’ ಎಂದು ಯಾರಾದರೂ ಮಾರಲು ಬಂದರೆ ಮೊದಲು ಕಸ್ಟಮ್ಸ್ ದಾಖಲೆ ಕೇಳಬೇಕು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ ‘ಆಪರೇಷನ್ ನುಮ್‌ಖೋರ್’ ಎಂಬ ಹೆಸರಿನಲ್ಲಿ ದಾಳಿ ನಡೆಸಿ, ಭೂತಾನದ ಮೂಲಕ ಅಕ್ರಮವಾಗಿ ತಂದವೆಂದು ಶಂಕಿಸಲಾದ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ವಶಪಡಿಸಿಕೊಂಡಿತು. ಅಂಥ ಪ್ರಕರಣದಲ್ಲಿ ಹಣ ಕೊಟ್ಟು ಕೊಂಡವನ ಕೈಯಲ್ಲಿ ಕಾರೂ ಇರುವುದಿಲ್ಲ, ಹಣವೂ ಇರುವುದಿಲ್ಲ.

ತೆರಿಗೆಯ ವಿಷಯವೂ ಹಾಗೆಯೇ. ತೆರಿಗೆ ಕಡಿಮೆ ಇರುವ ರಾಜ್ಯದಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವ ಪರಿಪಾಠವನ್ನು ಸಾರಿಗೆ ಇಲಾಖೆ ಈಗ ಸಹಿಸುತ್ತಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳು ಜಪ್ತಿಯಾದವು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯಿದ್ದ ಒಂದು ಫೆರಾರಿ ಎಸ್‌ಎಫ್-90 ಕಾರಿನ ಮಾಲೀಕರು ತೆರಿಗೆ, ದಂಡ ಸೇರಿ ಸುಮಾರು 1.41 ಕೋಟಿ ರೂಪಾಯಿ ಕಟ್ಟಬೇಕಾಯಿತು. ಅದೂ ಅವಳಿ ಟರ್ಬೊ ಎಂಜಿನ್ನಿನ ಕಾರೇ.

ಮಾರ್ಪಾಡಿನ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ತಯಾರಕನು ಗೊತ್ತುಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಪ್ರತಿಯೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ದಿನ ಪರಿಹಾರಕ್ಕೆ ಅಡ್ಡಿಯಾಗುತ್ತದೆ.

ಊರಿನವರಿಗೆ ಮೊದಲು ತಟ್ಟುವುದು ಸದ್ದು ಮತ್ತು ಹೊಗೆ. ಹೊಗೆಕೊಳವೆಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಎಂಬ ಸಾಧನವಿರುತ್ತದೆ. ವಿಷಾನಿಲಗಳನ್ನು ಬಹುಮಟ್ಟಿಗೆ ನೀರಾವಿ, ಸಾರಜನಕ, ಇಂಗಾಲದ ಡೈಆಕ್ಸೈಡುಗಳಾಗಿ ಬದಲಿಸುವುದು ಅದರ ಕೆಲಸ. ಶಕ್ತಿ ಹೆಚ್ಚಲೆಂದು, ಸದ್ದು ಗುಡುಗಲೆಂದು ಕೆಲವರು ಅದನ್ನೂ ಸೈಲೆನ್ಸರನ್ನೂ ಕಿತ್ತುಹಾಕುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ತಪ್ಪಲಿನಲ್ಲಾಗಲಿ ಘಾಟಿಯಲ್ಲಾಗಲಿ ಆ ಗುಡುಗನ್ನು ಕೇಳಿದವರಿಗೆ, ಅದರಿಂದ ಎಚ್ಚರಗೊಳ್ಳುವುದು ಮನುಷ್ಯರಷ್ಟೇ ಅಲ್ಲವೆಂಬುದು ಗೊತ್ತು.

ಕಡೆಯದು, ಹಿರಿಯರು ಕೂತು ಹಾಕಬೇಕಾದ ಲೆಕ್ಕ. ಐವತ್ತು ಲಕ್ಷ ರೂಪಾಯಿಯ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ. 18ರಂತೆ ಒಂಬತ್ತು ಲಕ್ಷ. ಮೇಲೆ ಸೆಸ್ ಬೇರೆ. ವಿಮೆಯ ಕೋಷ್ಟಕದಲ್ಲಿ ಐದನೆಯ ವರ್ಷಕ್ಕೆ ಕಾರಿನ ಬೆಲೆಯಲ್ಲಿ ಶೇ. 50 ಕಳೆಯುತ್ತಾರೆ. ಎಂದರೆ ಐವತ್ತು ಲಕ್ಷ ಇಪ್ಪತ್ತೈದು ಲಕ್ಷವಾಗುತ್ತದೆ. ಮಾರ್ಪಡಿಸಿದ ಕಾರಿಗೆ ಅಷ್ಟು ಕೊಡುವವರು ಸಿಗುವುದೂ ಕಷ್ಟ. ಬೀಜದಿಂದ ಬೆಳೆದ ಹುಣಸೆ ಫಲ ಕೊಡಲು ಎಂಟು-ಹತ್ತು ವರ್ಷ ಬೇಕು. ಹುಣಸೆ ಗಳಿಕೆ ಆರಂಭಿಸುವ ಮೊದಲೇ ಕಾರು ತನ್ನ ಬೆಲೆಯ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಈ ಭಾಗದ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಸರ್ಕಾರ ಘೋಷಿಸುವಂತೆ ಮಾಡಿದರು. ಹಾಗೆ ಉಳಿಸಿಕೊಂಡ ನೆಲವನ್ನು ಒಂದು ಕಾರಿಗಾಗಿ ಮಾರಿದರೆ ಆ ಹೋರಾಟಕ್ಕೆ ಅರ್ಥ ಉಳಿಯದು. ಕೆಟ್ಟ ಮಾರ್ಪಾಡನ್ನು ಕಾರಿನಿಂದ ಕಳಚಿ ತೆಗೆಯಬಹುದು. ಮಾರಿದ ಗದ್ದೆಯನ್ನು ಮರಳಿ ಜೋಡಿಸಲಾಗದು.

ತರುಣ ಮಿತ್ರರೇ, ವೇಗವನ್ನು ಕಲಿಯಬೇಕೆನಿಸಿದರೆ ಅದಕ್ಕೆ ತಕ್ಕ ಜಾಗಗಳಿವೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕುಗಳು ಇರುವುದೇ ಅದಕ್ಕಾಗಿ. ಅಲ್ಲಿ ಎದುರಿನಿಂದ ಎತ್ತಿನ ಗಾಡಿ ಬರುವುದಿಲ್ಲ, ಶಾಲೆಯ ಮಗು ದಾಟುವುದಿಲ್ಲ. ಮೊದಲ ಕಾರು ಸಾಧಾರಣವಾಗಿರಲಿ. ಎರಡು ಮಳೆಗಾಲ ಅದನ್ನು ಘಾಟಿಯಲ್ಲಿ ಓಡಿಸಿ ಕೈ ಪಳಗಲಿ. ಆಮೇಲೂ ಆಸೆ ಉಳಿದಿದ್ದರೆ, ಸ್ವಂತ ದುಡಿಮೆಯ ಹಣದಿಂದ, ಮಾರ್ಪಾಡಿಲ್ಲದ, ಚಾಸಿ ನಂಬರು ದಾಖಲೆಗೆ ತಾಳೆಯಾಗುವ, ತೆರಿಗೆ ತೀರಿಸಿದ ಕಾರನ್ನು ಕೊಳ್ಳಿರಿ. ಕೊಳ್ಳುವ ಮುನ್ನ ನಂಬಿಕೆಯ ಮೆಕ್ಯಾನಿಕ್ ಒಬ್ಬನಿಂದ ಅದರ ಅಡಿಭಾಗವನ್ನು ನೋಡಿಸಿರಿ. ಹಿರಿಯರು ಮಾಡಬೇಕಾದ ಕೆಲಸ ಒಂದೇ: ಬೇಡಿಕೆ ಬಂದ ದಿನವೇ ಹೌದು, ಅಲ್ಲ ಎನ್ನದೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಲೆಕ್ಕವನ್ನು ಅವನ ಕೈಯಿಂದಲೇ ಬರೆಸಿರಿ.